ಎಡಗೈಗೆ ಬಂದ ಆಕ್ಸಿಲರೇಟರ್

ನನ್ನ ಗಂಡ ನನಗೆ ಸೋದರಮಾವನ ಮಗ. ಚಿಕ್ಕಂದಿನಿಂದ ಬಾವ ಎಂದು ಕರೆದು ರೂಢಿಯಾಗಿತ್ತು, ಮದುವೆಯಾದ ಮೇಲೂ ಅದೇ ಉಳಿಯಿತು. ಜನರ ಮುಂದೆ ‘ನೀವು’ ಅನ್ನುತ್ತಿದ್ದೆ, ಮನೆಯೊಳಗೆ ‘ನೀನು’. ಇಲ್ಲಿ ಬರೆಯುವಾಗಲೂ ಬಹುವಚನ ಕೈಗೆ ಬರುತ್ತಿಲ್ಲ.

ಬಾವ ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಸಂಜೆ ಬೈಕಿನಲ್ಲಿ ಊರಿಗೆ ಬರುತ್ತಿದ್ದ. ನಮ್ಮ ಊರು ಗೌನಿಪಲ್ಲಿಯಿಂದ ಒಳಗೆ. ಮನೆಯ ಹಿಂದೆ ಹಿಪ್ಪುನೇರಳೆ, ಪಕ್ಕದಲ್ಲಿ ರೇಷ್ಮೆ ಹುಳುವಿನ ಶೆಡ್ಡು, ಇವೆರಡೂ ನನ್ನ ಪಾಲಿನ ಕೆಲಸ. ಮಾವಿನ ತೋಟ ದೂರ. ಹಳ್ಳ ದಾಟಿ, ಬರೀ ಕಲ್ಲು ಎದ್ದಿರುವ ಏರು ಹತ್ತಿದರೆ ಸಿಗುತ್ತದೆ. ತೀರಿಕೊಂಡ ಮಾವ ನೆಟ್ಟ ಮರಗಳು ಅವು, ಬಾದಾಮಿ, ಬೆನಿಷಾ, ಒಂದಷ್ಟು ತೋತಾಪುರಿ. ಬಾವನಿಗೆ ಭಾನುವಾರ ಅಂದರೆ ಆ ತೋಟ. ಊಟಕ್ಕೂ ಕೂಗಿ ಕರೆಯಬೇಕಿತ್ತು.

ಮೊದಲು ಕಂಡದ್ದು ಚಪ್ಪಲಿಯಲ್ಲಿ. ನಡೆಯುತ್ತಿದ್ದ ಹಾಗೇ ಬಲಗಾಲಿನ ಚಪ್ಪಲಿ ಹಿಂದೆ ಉಳಿದುಬಿಡುತ್ತಿತ್ತು. ನಾನು ನಗುತ್ತಿದ್ದೆ, ಅವನೂ ನಗುತ್ತಿದ್ದ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಕೊಂಡುಕೊಂಡ. ಆಮೇಲೆ ಕಾರ್ಖಾನೆಯಲ್ಲಿ ಸ್ಪ್ಯಾನರ್ ಕೈಯಿಂದ ಜಾರಿ ಬೀಳತೊಡಗಿತು. ಕೋಲಾರದ ಆಸ್ಪತ್ರೆಯಲ್ಲಿ ತೋರಿಸಿದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಸೂಜಿ ಚುಚ್ಚಿ, ಕರೆಂಟು ಕೊಟ್ಟು ಪರೀಕ್ಷೆ ಮಾಡಿದ ಮೇಲೆ ಒಬ್ಬ ವಯಸ್ಸಾದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕೈಕಾಲಿಗೆ ಅಲ್ಲಾಡು ಎಂದು ಹೇಳುವ ನರಗಳು ಒಂದೊಂದಾಗಿ ಒಣಗುತ್ತಿವೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ನಿಲ್ಲಿಸುವ ಔಷಧಿ ಇಲ್ಲ.

“ಕೈ ಎಷ್ಟು ದಿನ ಇರುತ್ತೆ ಸಾರ್?” ಎಂದು ಬಾವ ಕೇಳಿದ.

ಡಾಕ್ಟರು ಅವನನ್ನು ಬಿಟ್ಟು ನನ್ನನ್ನು ನೋಡಿದರು. ಅದೇ ಉತ್ತರವಾಯಿತು.

ಕೆಲಸ ಬಿಟ್ಟು ಊರಿಗೆ ಬಂದ. ಬೈಕು ನಿಲ್ಲಿಸುವಾಗ ನೆಲಕ್ಕೆ ಕಾಲು ಊರಲಾಗದೆ ಗಾಡಿಯ ಸಮೇತ ಬಿದ್ದ. ಎರಡನೆಯ ಸಲ ಬಿದ್ದ ಮೇಲೆ ಬೈಕನ್ನು ಅವನೇ ಮಾರಿಸಿದ. ಕೋಲು ಹಿಡಿದು ಹಳ್ಳದವರೆಗೆ ಹೋಗಿ ವಾಪಸ್ಸು ಬರುತ್ತಿದ್ದ, ಏರು ಹತ್ತಲಾಗುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, ನಾನು ತೋಟದಿಂದ ಬಂದ ಕೂಡಲೇ ಒಂದೊಂದೇ ಮರದ ಸುದ್ದಿ ಕೇಳುತ್ತಿದ್ದ. ಬಂಡೆ ಪಕ್ಕದ ಬಾದಾಮಿ ಚಿಗುರಿದೆಯಾ? ಮೂಲೆಯ ಬೆನಿಷಾಗೆ ಗೆದ್ದಲು ಹತ್ತಿದೆಯಾ? ನಾನು ಗಮನಿಸಿರುತ್ತಿರಲಿಲ್ಲ. ಇದೆ, ಇಲ್ಲ ಎಂದು ಏನೋ ಒಂದು ಹೇಳುತ್ತಿದ್ದೆ. ಅವನಿಗೆ ಗೊತ್ತಾಗುತ್ತಿತ್ತು.

ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ನೋಡಲು ಬಂದಾಗ ಮಾಲೂರಿನ ಕಡೆಯ ಒಂದು ರೆಸಾರ್ಟಿನ ಸುದ್ದಿ ತಂದರು. ಅದು ಮುಚ್ಚಿ ಹೋಗಿತ್ತಂತೆ. ಬೆಂಗಳೂರಿನಿಂದ ಬಂದವರು ಮಜಕ್ಕೆ ಓಡಿಸಲು ಇಟ್ಟಿದ್ದ ನಾಲ್ಕು ಚಕ್ರದ ಬೈಕುಗಳನ್ನು ಮಾರುತ್ತಿದ್ದರಂತೆ. ದಪ್ಪ ದಪ್ಪ ಟೈರು, ಬೈಕಿನ ಹಾಗೆ ಹ್ಯಾಂಡಲ್ಲು, ಕಲ್ಲು ಮಣ್ಣು ಎಲ್ಲಾದರೂ ಹೋಗುತ್ತದೆ.

“ಕಾಲು ಊರೋ ಹಂಗೇ ಇಲ್ಲ. ಗೇರೂ ಇಲ್ಲ. ಬಲಗೈ ಹೆಬ್ಬೆರಳಲ್ಲಿ ಒತ್ತಿದ್ರೆ ಹೋಗುತ್ತೆ, ಎಡಗೈ ಹಿಡಿದ್ರೆ ನಿಲ್ಲುತ್ತೆ” ಎಂದು ಅವರು ಹೇಳಿದಾಗ ಬಾವನ ಮುಖದಲ್ಲಿ ಬಹಳ ದಿನದಿಂದ ಇಲ್ಲದ ಒಂದು ಕಳೆ ಬಂತು.

ಬಾಡಿಗೆಯ ಗೂಡ್ಸ್ ಗಾಡಿಯಲ್ಲಿ ಹೋಗಿ ಒಂದನ್ನು ತಂದೆವು. ಬಣ್ಣ ಹೋಗಿತ್ತು, ಸೀಟಿನ ಮೇಲೆ ಯಾರೋ ಬ್ಲೇಡಿನಲ್ಲಿ ಗೀರಿದ್ದರು, ಟೈರು ನುಣ್ಣಗೆ ಸವೆದಿತ್ತು. ಅಂಗಳದಲ್ಲಿ ಇಳಿಸಿದಾಗ ಅತ್ತೆ ಹೊರಗೆ ಬಂದು ಸುತ್ತ ತಿರುಗಿ ನೋಡಿದರು.

“ಇದೇನೋ ಇದು, ಏಡಿ ಹಂಗೈತೆ” ಎಂದರು. ಅಂದಿನಿಂದ ಅದಕ್ಕೆ ಏಡಿ ಅಂತಲೇ ಹೆಸರು.

ಮರುದಿನವೇ ಬಾವ ಏಡಿ ಹತ್ತಿ ತೋಟಕ್ಕೆ ಹೊರಟ. ನಾನು ಹಿಂದೆ ನಡೆದು ಹೋದೆ. ಹಳ್ಳದ ಮರಳನ್ನು ಹೇಗೋ ದಾಟಿತು. ಏರಿನ ಬುಡದಲ್ಲಿ ಎಂಜಿನ್ನು ಕಿರುಚಿಕೊಂಡಿತೇ ಹೊರತು ಮೇಲೆ ಹೋಗಲಿಲ್ಲ. ಹಿಂದಿನ ಟೈರು ಕಲ್ಲಿನ ಮೇಲೆ ಸುಮ್ಮನೆ ತಿರುಗಿತು. ಬಾವ ಇಳಿಯಲಾಗದೆ ಕೂತಿದ್ದ. ನಾನೇ ಮುಂದಿನಿಂದ ತಳ್ಳಿ ಹಿಂದಕ್ಕೆ ಇಳಿಸಿದೆ.

ಮನೆಗೆ ಬಂದು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಪರೀಕ್ಷೆ ಮಾಡಿದ. “ಇದರದ್ದೇನೂ ತಪ್ಪಿಲ್ಲ. ರೆಸಾರ್ಟ್‌ನೋರು ಜೋರಾಗಿ ಓಡ್ಬಾರ್ದು ಅಂತ ಕಟ್ಟಿಹಾಕಿದಾರೆ ನೋಡು” ಎಂದ. ಹೆಬ್ಬೆರಳಲ್ಲಿ ಒತ್ತುವ ಆಕ್ಸಿಲರೇಟರ್ ಪೂರ್ತಿ ಒತ್ತದ ಹಾಗೆ ಒಂದು ಸಣ್ಣ ಸ್ಕ್ರೂ ಅಡ್ಡ ಹಾಕಿದ್ದರು. ಸೈಲೆನ್ಸರಿನ ಬಾಯಿಗೆ ಕಿರಿದಾದ ತೂತಿನ ಒಂದು ವಾಷರ್ ಇಟ್ಟಿದ್ದರು. ಅವೆರಡನ್ನೂ ತೆಗೆಯಬೇಕು, ಕಾರ್ಬುರೇಟರಿಗೆ ಪೆಟ್ರೋಲು ಬರುವ ಜೆಟ್ಟನ್ನು ಒಂದು ಸೈಜು ದೊಡ್ಡದು ಹಾಕಬೇಕು, ಹಿಂದಿನ ಚೈನು ಚಕ್ರವನ್ನು ದೊಡ್ಡದು ಮಾಡಿದರೆ ವೇಗ ಸ್ವಲ್ಪ ಹೋದರೂ ಏರಿನಲ್ಲಿ ಎಳೆತ ಬರುತ್ತದೆ. ಹೀಗೆಲ್ಲ ಹೇಳಿಕೊಳ್ಳುತ್ತ ಸ್ಕ್ರೂಡ್ರೈವರ್ ತೆಗೆದುಕೊಂಡ.

ಸ್ಕ್ರೂ ತುಕ್ಕು ಹಿಡಿದಿತ್ತು. ಅವನು ತಿರುಗಿಸಲು ನೋಡಿದ. ಸ್ಕ್ರೂಡ್ರೈವರ್ ಅಂಗೈಯಲ್ಲೇ ತಿರುಗಿತು, ಸ್ಕ್ರೂ ಅಲ್ಲಾಡಲಿಲ್ಲ. ಎರಡೂ ಕೈ ಸೇರಿಸಿ ಹಿಡಿದ. ಜಾರಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ ಅನ್ನ ತಿಂದವನು, ತನ್ನ ಕೈಯನ್ನೇ ನೋಡುತ್ತ ಕೂತ.

ನಾನು ಎತ್ತಿಕೊಂಡೆ.

“ನಿಂಗೆ ಬರಲ್ಲ ಕಣೇ” ಎಂದ.

“ನೀನು ಹೇಳು, ನಾನು ಮಾಡ್ತೀನಿ.”

“ಬೋಲ್ಟು ಹಾಳು ಮಾಡ್ತೀಯ.”

“ಹಾಳಾದ್ರೆ ಇನ್ನೊಂದು ತರೋಣ ಬಾವ. ಯಾವ ಕಡೆ ತಿರುಗಿಸ್ಲಿ ಹೇಳು.”

ನನಗೆ ಜಾಗ ಬಿಟ್ಟು ಸರಿದು ಕೂತು, “ಸೀಮೆಎಣ್ಣೆ ಇದ್ರೆ ಎರಡು ತೊಟ್ಟು ಬಿಡು ಮೊದ್ಲು. ನೆನೀಲಿ” ಎಂದ. ಹಾಗೆ ಶುರುವಾಯಿತು.

ದಿನಾ ಸೊಪ್ಪು ಕೊಯ್ಯುವ ಕೈಗೆ ಬಲ ಇತ್ತು, ಗೊತ್ತಿರಲಿಲ್ಲ ಅಷ್ಟೇ. ಮಧ್ಯಾಹ್ನ ಹುಳುವಿಗೆ ಸೊಪ್ಪು ಹಾಕಿ ಬಂದು ಏಡಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೆ. ಕೈಗೆ ಹತ್ತಿದ ಆಯಿಲ್ಲು ಹುಳುವಿನ ಹತ್ತಿರ ಹೋಗಬಾರದೆಂದು ಎಷ್ಟು ಸಲ ಸೋಪು ಹಾಕಿ ತೊಳೆಯುತ್ತಿದ್ದೆನೋ! ಬಾವ ಸ್ಟೂಲಿನಿಂದ ಹೇಳುತ್ತಿದ್ದ. ಮೊದಮೊದಲು ಬೈಯುತ್ತಿದ್ದ. “ಲೇ, ಅಂಗಲ್ಲ, ಬೋಲ್ಟಿಗೆ ನೋವಾಗುತ್ತೆ” ಎನ್ನುತ್ತಿದ್ದ. ಕಾರ್ಬುರೇಟರ್ ಬಿಚ್ಚಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ತೊಳೆದು, ಅದೇ ಸಾಲಿನಲ್ಲಿ ವಾಪಸ್ಸು ಕೂರಿಸಿದ ದಿನ ಮಾತ್ರ ಬೈಗುಳ ಬರಲಿಲ್ಲ. ಎಂಜಿನ್ನು ಸ್ಟಾರ್ಟ್ ಆದಾಗ ಕಣ್ಣು ಮುಚ್ಚಿ ಕೇಳಿಸಿಕೊಂಡ. “ಇನ್ನೊಂದು ಚೂರು ಗಾಳಿ ಸ್ಕ್ರೂ ಬಿಡು. ಹ್ಞಾಂ, ಅಷ್ಟೇ” ಎಂದ. ಸಪ್ಪೆಯಾಗಿದ್ದ ಸದ್ದು ತುಂಬಿಕೊಂಡದ್ದು ನನ್ನ ಕಿವಿಗೂ ಗೊತ್ತಾಯಿತು.

ಚೈನು ಚಕ್ರಕ್ಕೂ ಶಾಕ್ ಅಬ್ಸಾರ್ಬರಿಗೂ ಹಳೆಯವನ್ನು ಬಿಚ್ಚಿಕೊಂಡು ಮುಳಬಾಗಿಲಿಗೆ ಹೋದೆವು. ಹೆದ್ದಾರಿಯ ಪಕ್ಕದ ಒಂದು ಮೆಕ್ಯಾನಿಕ್ ಅಂಗಡಿ. ಅಷ್ಟರಲ್ಲಿ ಬಾವನ ನಾಲಿಗೆಯೂ ಸ್ವಲ್ಪ ಎಳೆಯತೊಡಗಿತ್ತು, ಮನೆಯಲ್ಲಿ ನಮಗೆ ಅದು ರೂಢಿಯಾಗಿಬಿಟ್ಟಿತ್ತು. ಅಂಗಡಿಯವನ ಮುಂದೆ ನಿಂತು, ಕೋಲಿನ ಮೇಲೆ ಭಾರ ಬಿಟ್ಟು, ಚಕ್ರಕ್ಕೆ ಎಷ್ಟು ಹಲ್ಲಿರಬೇಕೆಂದು ಹೇಳುತ್ತಿದ್ದ. ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದ.

“ಏನಕ್ಕಾ, ಯಜಮಾನ್ರು ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡ್ ಬಂದವ್ರೆ?”

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಬಾವ ಜೀವಮಾನದಲ್ಲಿ ಕುಡಿದವನಲ್ಲ.

“ಕುಡಿದಿಲ್ಲ. ಅವ್ರಿಗೆ ನರದ ಕಾಯಿಲೆ” ಎಂದೆ. ನನ್ನ ದನಿ ಇಡೀ ರಸ್ತೆಗೆ ಕೇಳುವಷ್ಟು ಜೋರಾಯಿತು.

ಅಂಗಡಿಯವನು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಕುರ್ಚಿ ಒರೆಸಿ ತಂದು ಹಾಕಿದ, ಟೀ ತರಿಸಿದ. “ತಪ್ಪು ತಿಳ್ಕೋಬೇಡಿ ಅಣ್ಣಾ” ಎಂದು ಎರಡೆರಡು ಸಲ ಹೇಳಿದ. ಬೇಕಾದ ಅಳತೆಯ ಚಕ್ರ ಹುಡುಕಿ ಕೊಟ್ಟ, ಹಳೆಯ ಬೈಕೊಂದರ ಗಟ್ಟಿ ಶಾಕ್ ಅಬ್ಸಾರ್ಬರುಗಳನ್ನು ಏಡಿಗೆ ಹೊಂದುವ ಹಾಗೆ ಮಾಡಿಕೊಟ್ಟ. ಬಾವ ಟೀಯನ್ನು ಮುಟ್ಟಲಿಲ್ಲ. ಲೋಟ ಎತ್ತಿದರೆ ಕೈ ನಡುಗುತ್ತದೆಂದು ನನಗೆ ಗೊತ್ತಿತ್ತು, ಆದರೆ ಅಲ್ಲಿ ನಾನು ಕುಡಿಸುವ ಹಾಗಿರಲಿಲ್ಲ. ಅದು ಆರಿ ಕೆನೆ ಕಟ್ಟಿತು.

ವಾಪಸ್ಸು ಬರುವಾಗ ಅವನು ಹೇಳಿದ್ದು ಒಂದೇ ಮಾತು. “ಇನ್ಮೇಲೆ ಅಂಗಡೀಲಿ ನೀನೇ ಮಾತಾಡು.”

ಬೆಂಗಳೂರಿನಿಂದ ಹೊಸ ಟೈರುಗಳು ಬಸ್ಸಿನಲ್ಲಿ ಪಾರ್ಸೆಲ್ ಬಂದವು, ಮೈತುಂಬ ಉಬ್ಬು ಉಬ್ಬು ರಬ್ಬರ್ ಗಂಟುಗಳಿದ್ದವು. ಅವನ್ನು ಹಾಕಿದ ದಿನ ಬಾವ ಮತ್ತೆ ಏರಿನ ಬುಡಕ್ಕೆ ಹೋದ. ನಾನು ಹಳ್ಳದಲ್ಲಿ ನಿಂತಿದ್ದೆ. ಒಂದು ಕ್ಷಣ ನಿಂತು, ಹೆಬ್ಬೆರಳು ಒತ್ತಿದ. ಏಡಿ ಮುಂಗಾಲು ಎತ್ತಿದ ಹಾಗೆ ಮೂತಿ ಎತ್ತಿ, ಕಲ್ಲುಗಳನ್ನು ಹಿಂದಕ್ಕೆ ಸಿಡಿಸುತ್ತ ಹತ್ತಿ ಹೋಯಿತು. ಮೇಲೆ ಹೋಗಿ ಮರಗಳ ನಡುವೆ ಮರೆಯಾಯಿತು. ನಾನು ಓಡಿ ಏದುಸಿರು ಬಿಡುತ್ತ ಹೋಗಿ ನೋಡಿದರೆ ಮೂಲೆಯ ಬೆನಿಷಾದ ಕೆಳಗೆ ನಿಲ್ಲಿಸಿಕೊಂಡು ಕಾಂಡ ನೋಡುತ್ತಿದ್ದ.

“ಗೆದ್ದಲು ಇಲ್ಲ ಅಂದಿದ್ದೆ?” ಎಂದ. ಬುಡದಿಂದ ಎದೆಮಟ್ಟಕ್ಕೆ ಮಣ್ಣು ಏರಿತ್ತು. ಅವನು ಬೈಯಲಿಲ್ಲ, ನಕ್ಕ.

ಅಲ್ಲಿಂದ ಮುಂದೆ ಒಂದಷ್ಟು ತಿಂಗಳು ಚೆನ್ನಾಗಿದ್ದವು. ಬೆಳಿಗ್ಗೆ ನಾನು ಕೂರಿಸಿಬಿಟ್ಟರೆ ಅವನ ಪಾಡಿಗೆ ಹೋಗಿ ಬರುತ್ತಿದ್ದ. ಏಡಿಯ ಮೇಲಿಂದ ಇಳಿಯಲಾಗದಿದ್ದರೂ ಮರಮರಕ್ಕೂ ಹೋಗಿ ನೋಡುತ್ತಿದ್ದ. ಮತ್ತೆ ಬಂದು, ಇಲ್ಲಿ ಮದ್ದು ಹೊಡೀಬೇಕು, ಅಲ್ಲಿ ಕೊಂಬೆ ತೆಗೀಬೇಕು ಎಂದು ಹೇಳುತ್ತಿದ್ದ. ಕೋಲಾರದ ಹಾಸ್ಟೆಲಿನಲ್ಲಿ ಓದುತ್ತಿದ್ದ ನಮ್ಮ ಮಗಳು ರಜಕ್ಕೆ ಬಂದಾಗ ಅವಳನ್ನು ಹಿಂದೆ ಕೂರಿಸಿಕೊಂಡು ಊರು ಸುತ್ತಿಸಿದ. ಆದರೆ ಅವಳು ಒಳಗೆ ಬಂದು ನನ್ನ ಕಿವಿಯಲ್ಲಿ, “ಅಪ್ಪನ ಬೆನ್ನು ಬರೀ ಮೂಳೆ ಕಣಮ್ಮ” ಎಂದಳು.

ಬಲಗೈಯ ಹೆಬ್ಬೆರಳು ಸೋಲತೊಡಗಿತು. ಏರಿನ ಮಧ್ಯದಲ್ಲಿ ಒತ್ತಿ ಹಿಡಿಯಲಾಗದೆ ಗಾಡಿ ನಿಂತುಬಿಡುತ್ತಿತ್ತು. ಎಡಗೈ ಇನ್ನೂ ವಾಸಿಯಿತ್ತು. “ಎಡಕ್ಕೆ ಹಾಕೋಣ” ಎಂದ. ಆಕ್ಸಿಲರೇಟರನ್ನು ಬಿಚ್ಚಿ ಎಡಗಡೆ ಹ್ಯಾಂಡಲ್ಲಿಗೆ, ಬ್ರೇಕಿನ ಪಕ್ಕದಲ್ಲೇ ಕೂರಿಸಿದೆ. ಬೆರಳಿನಲ್ಲಿ ಬ್ರೇಕು, ಹೆಬ್ಬೆರಳಿನಲ್ಲಿ ಓಟ, ಎರಡೂ ಒಂದೇ ಕೈಗೆ. ಕೇಬಲ್ಲು ಉದ್ದ ಸಾಲದೆ ಇನ್ನೊಂದನ್ನು ತಂದು ಕತ್ತರಿಸಿ ಹಾಕಬೇಕಾಯಿತು. ಒಳಗಿನ ಸ್ಪ್ರಿಂಗು ಗಟ್ಟಿಯಾಗಿದೆಯೆಂದು ಮೆತ್ತಗಿನದು ಹಾಕಿಸಿದ. ಸ್ವಲ್ಪ ಒತ್ತಿದರೆ ಸಾಕು, ಏಡಿ ಹಾರುವ ಹಾಗೆ ಹೋಗುತ್ತಿತ್ತು.

ಅತ್ತೆಗೆ ಅದು ಹಿಡಿಸಲಿಲ್ಲ. “ಅವನ ಮೈಯಲ್ಲಿ ಶಕ್ತಿ ಇಲ್ಲ, ನೀನು ಗಾಡಿಗೆ ಶಕ್ತಿ ತುಂಬ್ತಾ ಇದೀಯ. ಬಿದ್ದು ಸತ್ರೆ?” ಎಂದು ಒಲೆಯ ಮುಂದೆ ಕೂತು ನನ್ನನ್ನು ಕೇಳಿದರು. ಬಾವ ಕೇಳುತ್ತಿದ್ದ, ನಾನು ಮಾಡುತ್ತಿದ್ದೆ.

ಒಂದು ದಿನ ಹುಳು ಕೊನೆಯ ಪೊರೆ ಬಿಟ್ಟು ಎದ್ದಿತ್ತು. ಆಗ ಅದಕ್ಕೆ ಸೊಪ್ಪು ಹಾಕಿದಷ್ಟೂ ಸಾಲದು. ಶೆಡ್ಡಿನಿಂದ ತಲೆ ಎತ್ತಲಾಗಿರಲಿಲ್ಲ. ಊಟದ ಹೊತ್ತು ಮೀರಿದರೂ ಬಾವ ಬಂದಿರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಆಮೇಲೆ ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಓಡಿದೆ.

ಹಳ್ಳದ ಮಧ್ಯದಲ್ಲಿ ಏಡಿ ನಿಂತಿತ್ತು. ಅದರ ಮೇಲೆ ಬಾವ ನೆಟ್ಟಗೆ ಕೂತಿದ್ದ. ತಲೆಯ ಮೇಲಿನ ಟವಲ್ಲು ಜಾರಿ ಮರಳಿನಲ್ಲಿ ಬಿದ್ದಿತ್ತು. ಮುಖ ಬಿಸಿಲಿಗೆ ಕಪ್ಪಾಗಿ, ತುಟಿ ಒಣಗಿತ್ತು. ಎಂಜಿನ್ನು ನಿಂತಿತ್ತು, ಪೆಟ್ರೋಲು ಮುಗಿಯುವವರೆಗೂ ನಿಂತಲ್ಲೇ ಓಡಿತ್ತಂತೆ. ಬೆಳಿಗ್ಗೆ ತೋಟದಿಂದ ಇಳಿದು ಬರುವಾಗ ಎಡಗೈಯ ಹೆಬ್ಬೆರಳೂ ಮಡಚಲಿಲ್ಲ.

“ಫೋನು ಹೊಡ್ಕೊಳ್ತಾನೇ ಇತ್ತು ಕಣೇ” ಎಂದ. ಮಾತು ಕಲಸಿಕೊಂಡು ಬಂತು. “ನೀನೇ ಮಾಡ್ತಿದೀಯ ಅಂತ ಗೊತ್ತು. ಜೇಬಿಗೆ ಕೈ ಹೋಗ್ಲಿಲ್ಲ.”

ಆಗ ಅತ್ತ. ಕಾಯಿಲೆ ಗೊತ್ತಾದ ದಿನ ಅತ್ತಿರಲಿಲ್ಲ, ಕೆಲಸ ಬಿಟ್ಟ ದಿನವೂ ಅತ್ತಿರಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಕೈ ಏಳದೆ ಹಾಗೇ ಬಿಟ್ಟ. ನಾನು ಸೆರಗಿನಿಂದ ಒರೆಸಿದೆ, ಹಳ್ಳದಾಚೆ ಬೋರ್‌ವೆಲ್ ಇರುವ ಹೊಲದವರ ಹತ್ತಿರ ನೀರು ತಂದು ಕುಡಿಸಿದೆ. ಅವರೇ ಬಂದು ಎತ್ತಿಕೊಂಡು ಮನೆಗೆ ಬಿಟ್ಟರು. ಅತ್ತೆ ಮಗನನ್ನು ಕಂಡು “ನಾ ಕೊಡುಕಾ, ನಾ ಕೊಡುಕಾ”, ನನ್ನ ಮಗನೇ ಎಂದು ತೆಲುಗಿನಲ್ಲಿ ಗೋಳಾಡಿದರು. ದುಃಖ ಹೆಚ್ಚಾದಾಗ ಅವರಿಗೆ ತವರಿನ ಮಾತೇ ಬರುವುದು.

ಅವತ್ತು ಹುಳು ಹಸಿದೇ ಇತ್ತು. ಆ ಸಲದ ಗೂಡು ತೆಳ್ಳಗೆ ಬಂತು.

ನಾಲ್ಕೈದು ದಿನ ಏಡಿಯ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಬಾವನೇ, “ನೀನು ಕಲಿ” ಎಂದ.

“ಏನು?”

“ಓಡಿಸೋದು. ನಾನು ಹಿಂದೆ ಕೂತ್ಕೊಳ್ತೀನಿ.”

ಆಕ್ಸಿಲರೇಟರನ್ನು ಮತ್ತೆ ಬಲಕ್ಕೆ ಹಾಕಲು ಹೋದೆ. ಬೇಡ ಎಂದು ತಲೆಯಾಡಿಸಿದ. ಯಾಕೆಂದು ನಾನು ಕೇಳಲಿಲ್ಲ. ಹಾಗೇ ಎಡಗೈಯಲ್ಲೇ ಕಲಿತೆ. ಹಿಂದೆ ಬೆನ್ನಿಗೆ ಆನಿಕೊಳ್ಳಲು ಮುಳಬಾಗಿಲಿನ ಅದೇ ಅಂಗಡಿಯವನು ಒಂದು ಕಂಬಿಯ ಒರಗು ವೆಲ್ಡ್ ಮಾಡಿಕೊಟ್ಟ. ಬಾವನನ್ನು ಅದಕ್ಕೆ ಹಳೆಯ ಪಂಚೆಯಿಂದ ಎದೆಗೂ ಸೊಂಟಕ್ಕೂ ಕಟ್ಟುತ್ತಿದ್ದೆ. ಊರಿನವರು ನಿಂತು ನೋಡುತ್ತಿದ್ದರು. ಗಂಡನನ್ನು ಮೂಟೆಯ ಹಾಗೆ ಕಟ್ಟಿಕೊಂಡು ಹೋಗುತ್ತಾಳೆ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು, ಅವನ ಕಿವಿಗೂ ಬಿತ್ತು. ಏರಿನ ಬುಡದಲ್ಲಿ ನಾನು ಹೆದರಿ ನಿಧಾನ ಮಾಡಿದರೆ ಹಿಂದಿನಿಂದ ಅವನ ಗದ್ದ ನನ್ನ ಭುಜಕ್ಕೆ ತಾಗುತ್ತಿತ್ತು. “ಜೋರು... ಜೋರು...” ಎನ್ನುತ್ತಿದ್ದ. ನಿಧಾನ ಮಾಡಿದರೆ ಕಲ್ಲಿನ ಮೇಲೆ ಜಾರುತ್ತದೆ, ಅದು ನಿಜವೇ.

ಮಾವು ಹೂ ಬಿಟ್ಟ ಕಾಲದಲ್ಲಿ ಕೊನೆಯ ಸಲ ಹೋದೆವು. ತೋಟವೆಲ್ಲ ಹೂವಿನ ಘಾಟು ವಾಸನೆ. ಬಂಡೆಯ ಪಕ್ಕದ ಬಾದಾಮಿಗೆ ಎಲೆಯೇ ಕಾಣದಷ್ಟು ಹೂ ಬಂದಿತ್ತು. ನಾನು ಏಡಿ ನಿಲ್ಲಿಸಿ ಪಂಚೆ ಸಡಿಲ ಮಾಡಿದೆ. ಕೊಂಬೆ ಅಲ್ಲಾಡಿಸಿದರೆ ಜಿಗಿಹುಳುಗಳು ಮಳೆಹನಿ ಬಿದ್ದ ಹಾಗೆ ಪಟಪಟ ಎಂದು ನೆಲದ ತರಗೆಲೆಯ ಮೇಲೆ ಬಿದ್ದವು. ಬಾವ ಏನೋ ಹೇಳಿದ. ಅರ್ಥವಾಗಲಿಲ್ಲ. ಮತ್ತೆ ಹೇಳಿದ. ಆಗಲೂ ಆಗಲಿಲ್ಲ. ಕಿವಿಯನ್ನು ಅವನ ಬಾಯಿಯ ಹತ್ತಿರ ಇಟ್ಟೆ.

“ಮದ್ದು... ನಾಳೆ.”

“ಆಯ್ತು ಬಾವ, ನಾಳೇನೇ ಹೊಡೆಸ್ತೀನಿ.”

ನಮ್ಮ ನಡುವೆ ಮಾತು ಎಂದು ನಡೆದದ್ದರಲ್ಲಿ ಹೆಚ್ಚುಕಡಿಮೆ ಅದೇ ಕೊನೆಯದು. ಆಮೇಲೆ ನುಂಗಲಾಗದೆ ಮೂಗಿಗೆ ನಳಿಗೆ ಹಾಕಿದರು. ಮಾತು ಪೂರ್ತಿ ನಿಂತಿತು. ಕಣ್ಣು ಮುಚ್ಚಿ ತೆರೆದರೆ ಹೌದು, ಸುಮ್ಮನೆ ನೋಡಿದರೆ ಇಲ್ಲ. ಆ ವರ್ಷ ಫಸಲು ಚೆನ್ನಾಗಿತ್ತು. ಹಣ್ಣನ್ನು ತಂದು ಮೂಗಿನ ಹತ್ತಿರ ಹಿಡಿದೆ. ಕಣ್ಣು ಮುಚ್ಚಿದ, ತೆರೆದ.

ಆಷಾಢದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಹೋದ. ಅತ್ತೆ ಹಾಲು ಕಾಯಿಸುತ್ತಿದ್ದರು, ನಾನು ಅವನ ಮೈ ಒರೆಸಲು ಬಿಸಿನೀರು ತಂದಿದ್ದೆ. ತೋಟದಲ್ಲೇ ಮಣ್ಣು ಮಾಡಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಗಂಡಸರು ಹೊತ್ತುಕೊಂಡು ಹಳ್ಳ ದಾಟಿದರು. ಏರಿನಲ್ಲಿ ಕಾಲು ಜಾರುತ್ತಿದ್ದುದರಿಂದ ಹೊರುವವರು ಪದೇ ಪದೇ ಬದಲಾಗುತ್ತಿದ್ದರು. ಹೆಂಗಸರು ಬರುವುದು ಬೇಡ ಎಂದರು. ನಾನೂ ಮಗಳೂ ಹಳ್ಳದ ಈಚೆಯೇ ನಿಂತೆವು. ಅತ್ತೆಯ ಮಂಡಿ ಅಷ್ಟು ದೂರಕ್ಕೂ ಬಿಡಲಿಲ್ಲ, ಅವರು ಬಾಗಿಲಲ್ಲೇ ಉಳಿದರು.

ಏಡಿ ಶೆಡ್ಡಿನ ಗೋಡೆಯ ಪಕ್ಕ ನಿಂತೇ ಉಳಿಯಿತು. ಬ್ಯಾಟರಿ ಇಳಿಯಿತು, ಟೈರಿನ ಗಾಳಿ ಹೋಯಿತು, ಕೋಳಿ ಅದರ ಕೆಳಗೆ ಮೊಟ್ಟೆ ಇಡತೊಡಗಿತು. ಮಗಳು ಮಾರಿಬಿಡು ಎಂದಳು. ಕೇಳಿಕೊಂಡು ಒಬ್ಬಿಬ್ಬರು ಬಂದರು. ಆಕ್ಸಿಲರೇಟರ್ ಎಡಕ್ಕಿರುವುದನ್ನು ಕಂಡು, ಇದೇನು ಹೀಗೆ, ಸರಿ ಮಾಡಿಸಬೇಕಲ್ಲ ಎಂದು ಗೊಣಗಿದರು. ನಾನೇ ಮನಸ್ಸಿಲ್ಲದೆ ಮುಂದಕ್ಕೆ ಹಾಕುತ್ತ ಬಂದೆ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ಸ್ನಾನ ಮಾಡಿ, ಒಗೆದ ಸೀರೆ ಉಟ್ಟಿದ್ದರು.

“ಅದು ಇನ್ನೂ ಓಡುತ್ತೇನೇ?”

“ಯಾವ್ದು ಅತ್ತೆ?”

“ಏಡಿ. ನಾನು ಅವನನ್ನ ಇಟ್ಟಿರೋ ಜಾಗ ನೋಡಿಲ್ಲ. ನಡೆಯೋಕೆ ಆಗಲ್ಲ ನಂಗೆ.”

ಗಾಳಿ ತುಂಬಿಸಿದೆ, ಬ್ಯಾಟರಿ ಬದಲಾಯಿಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಎರಡು ದಿನ ಹಿಡಿಯಿತು. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ಅವರು ಎರಡೂ ಕೈಯಿಂದ ನನ್ನ ಸೊಂಟವನ್ನು ನೋಯುವ ಹಾಗೆ ಹಿಡಿದುಕೊಂಡಿದ್ದರು. ಏರಿನಲ್ಲಿ ಏಡಿ ಒಂದೇ ಉಸಿರಿಗೆ ಹತ್ತಿತು. ಕಲ್ಲುಗಳು ಹಿಂದಕ್ಕೆ ಸಿಡಿದವು.

ಮೇಲೆ ನಿಲ್ಲಿಸಿದ ಮೇಲೆ ಅತ್ತೆ ಉಸಿರು ಸುಧಾರಿಸಿಕೊಂಡು ಕೇಳಿದರು. “ಇಷ್ಟು ಜೋರಾಗಿ ಹೋಗ್ತಿದ್ನಾ ಅವನು?”

“ಇದಕ್ಕಿಂತ ಜೋರಾಗಿ.”

ಅವರನ್ನು ಇಳಿಸಿ, ಕೈ ಹಿಡಿದು ಬಾವನನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಕರೆದುಕೊಂಡು ಹೋದೆ. ಮಣ್ಣು ಕುಸಿದು ನೆಲಸಮವಾಗುತ್ತ ಬಂದಿತ್ತು, ಮೇಲೆಲ್ಲ ಕಳೆ ಬೆಳೆದು ಒಣಗಿತ್ತು. ಅತ್ತೆ ಕೂತು ಕಳೆಯನ್ನು ಒಂದೊಂದಾಗಿ ಕೀಳತೊಡಗಿದರು. ನಾನು ಮರಗಳನ್ನು ನೋಡಿಕೊಂಡು ಬಂದೆ. ಆ ಸಲ ಕಾಯಿ ಅಲ್ಲೊಂದು ಇಲ್ಲೊಂದು. ಹೂವಿನ ಕಾಲದಲ್ಲಿ ಮದ್ದು ಹೊಡೆಸಲು ನನಗೆ ನೆನಪಾಗಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಯನ್ನು ಎಬ್ಬಿಸಿ ಮತ್ತೆ ಹತ್ತಿಸಿದೆ. ಇಳಿಜಾರಿನಲ್ಲಿ ಬ್ರೇಕು ಹಿಡಿದು ಮೆಲ್ಲಗೆ ಬಂದೆವು. ಮನೆ ತಲುಪುವವರೆಗೂ ಅವರು ನನ್ನ ಬೆನ್ನಿಗೆ ಮುಖ ಒತ್ತಿಕೊಂಡೇ ಇದ್ದರು.